ಮೇಲಿನ ಹಲ್ಲು

ರಂಗೇಶ ಮೆಕ್ಸಿಕೋಗೆ ಹೋದದ್ದು ಗಾಳಿಯ ದೆಸೆಯಿಂದ. ಹೊಸದುರ್ಗ ತಾಲೂಕಿನ ಶ್ರೀರಾಂಪುರದ ಹತ್ತಿರ ಒಂದು ಗೊಲ್ಲರಹಟ್ಟಿಯಲ್ಲಿ ಹುಟ್ಟಿ, ಹನ್ನೆರಡು ವರ್ಷದವರೆಗೆ ಶಾಲೆಗಿಂತ ಹೆಚ್ಚಾಗಿ ಕುರಿಗಳ ಹಿಂದೆಯೇ ಇದ್ದು, ಆಮೇಲೆ ಹೇಗೋ ಹೊಳಲ್ಕೆರೆಯಲ್ಲಿ ಐಟಿಐ ಮುಗಿಸಿದವನು ಅವನು. ಅಷ್ಟು ಹೊತ್ತಿಗೆ ಹಟ್ಟಿಯ ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದಿದ್ದವು. ಹಟ್ಟಿಯವರ ಬಾಯಲ್ಲಿ ಅವು ಫ್ಯಾನುಗಳು. ಆ ಫ್ಯಾನುಗಳ ಕಂಬದೊಳಗಿನ ಏಣಿ ಹತ್ತಿ, ತುದಿಯಲ್ಲಿ ಕೂತು ಬೋಲ್ಟು ಬಿಗಿಯುವ ಕೆಲಸಕ್ಕೆ ಸೇರಿಕೊಂಡ. ಹದಿಮೂರು ವರ್ಷ ಹತ್ತಿ ಇಳಿದ ಮೇಲೆ, ಇಂಥ ಕೆಲಸ ಬಲ್ಲವರು ಬೇಕೆಂದು ದೂರದ ಕಂಪನಿಯೊಂದು ಕರೆಯಿತು. ಮೆಕ್ಸಿಕೋದ ದಕ್ಷಿಣದಲ್ಲಿ, ಎರಡು ಸಮುದ್ರಗಳ ನಡುವೆ ನೆಲ ಸೊಂಟದ ಹಾಗೆ ಸಣ್ಣಗಾಗುವ ಕಡೆ, ಲಾರಿಗಳನ್ನೇ ಮಗುಚಿ ಹಾಕುವಂಥ ಗಾಳಿಯಂತೆ. ಹೆಂಡತಿ ಕಾವ್ಯಶ್ರೀಯನ್ನು ಕರೆದುಕೊಂಡು, ಹತ್ತು ಕೆಜಿ ರಾಗಿಹಿಟ್ಟು ಕಟ್ಟಿಕೊಂಡು ಹೊರಟ.

ಸಾನ್ ಇಸಿದ್ರೋ ಎಂಬ ಆ ಹಳ್ಳಿಯಲ್ಲಿ ಮೊದಲ ತಿಂಗಳನ್ನು ಕಾವ್ಯಶ್ರೀ ಗಾಳಿಯನ್ನು ಬೈದುಕೊಂಡೇ ಕಳೆದಳು. ಒಣಹಾಕಿದ ಬಟ್ಟೆಯನ್ನು ಪಕ್ಕದವರ ಮುಸುಕಿನ ಜೋಳದ ಹೊಲದಲ್ಲಿ ಹುಡುಕಿ ತರಬೇಕು. ಬಾಡಿಗೆ ಮನೆಯಲ್ಲಿ ಮಂಚವೇ ಇಲ್ಲ, ಗೋಡೆಯಿಂದ ಗೋಡೆಗೆ ಕಟ್ಟಿದ ಜೋಲಿ. ಕೂಸುಗಳನ್ನು ಹಾಕುವ ಜೋಲಿಯಲ್ಲಿ ದೊಡ್ಡವರು ಮಲಗುವುದೆಂದರೆ ಅವಳಿಗೆ ನಾಚಿಕೆ. ಸಂತೆಗೆ ಹೋದರೆ ಪಾಪಾಸುಕಳ್ಳಿಯ ಮುಳ್ಳು ಹೆರೆದು, ಹೆಚ್ಚಿ, ತರಕಾರಿಯೆಂದು ತೂಗಿ ಕೊಡುತ್ತಿದ್ದರು.

"ಇದು ನಮ್ಮೂರಾಗೆ ಬೇಲಿಗೆ ಹಾಕೋದು ಬಾವ," ಎಂದಳು. "ಇವ್ರು ಬೇಲಿನೇ ಸಾರು ಮಾಡ್ಕಂಡು ಉಣ್ತಾರಲ್ಲ."

ಅವಳು ಗಂಡನನ್ನು ಬಾವ ಎನ್ನುತ್ತಿದ್ದುದಕ್ಕೆ ಕಾರಣವಿತ್ತು. ರಂಗೇಶನ ತಾಯಿಯ ತಮ್ಮ ಗೊಲ್ಲಪ್ಪನ ಮಗಳು ಅವಳು. ಮದುವೆಗೆ ಮುಂಚೆಯೂ ಬಾವ, ಆಮೇಲೂ ಬಾವ. ಗೊಲ್ಲಪ್ಪ ಅವನಿಗೆ ಸೋದರಮಾವ, ಈಗ ಹೆಣ್ಣು ಕೊಟ್ಟ ಮಾವ.

ಕಾವ್ಯಶ್ರೀಯನ್ನು ಆ ಊರಿಗೆ ಒಗ್ಗಿಸಿದ್ದು ಗಂಡನಲ್ಲ, ಮೇಕೆಗಳು. ಎಲೋದಿಯಾ ಎಂಬ ಅರವತ್ತು ದಾಟಿದ ಹೆಂಗಸು ದಿನಾ ಬೆಳಿಗ್ಗೆ ನಲವತ್ತು ಮೇಕೆಗಳನ್ನು ಹೊಡೆದುಕೊಂಡು ಇವರ ಮನೆ ಮುಂದೆಯೇ, ಫ್ಯಾನುಗಳ ಸಾಲು ದಾಟಿ, ಆಚೆಯ ಕಟ್ಟೆಗೆ ನೀರು ಕುಡಿಸಲು ಹೋಗುತ್ತಿದ್ದಳು. ಒಂದು ದಿನ ಒಂದು ಮೇಕೆ ದಾರಿಯಲ್ಲೇ ಈಯಲು ಕೂತು ಒದ್ದಾಡತೊಡಗಿತು. ಕಾವ್ಯಶ್ರೀ ವೇಲನ್ನು ಸೊಂಟಕ್ಕೆ ಬಿಗಿದು ಓಡಿ ಹೋಗಿ, ಅಡ್ಡ ಸಿಕ್ಕಿಕೊಂಡಿದ್ದ ಮರಿಯ ಕಾಲನ್ನು ಸರಿಪಡಿಸಿ ಎಳೆದಳು. ಹಟ್ಟಿಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮರುದಿನದಿಂದ ಬಾಗಿಲಿಗೆ ಮೇಕೆ ಹಾಲು ಬರತೊಡಗಿತು, ಹಾಲಿನ ಜೊತೆ ಮಾತೂ ಬಂತು. ಆರೇಳು ತಿಂಗಳಲ್ಲಿ ಅವಳ ಸ್ಪ್ಯಾನಿಷ್ ಗಂಡನದಕ್ಕಿಂತ ಚೆನ್ನಾಗಾಯಿತು. ಎಲೋದಿಯಾಗೆ ಮಜ್ಜಿಗೆಯ ರುಚಿ ಹತ್ತಿತು. ಪಾಪಾಸುಕಳ್ಳಿಗೆ ಶೇಂಗಾಪುಡಿ ಉದುರಿಸಿ ಪಲ್ಯ ಮಾಡುವುದನ್ನು ಕಾವ್ಯಶ್ರೀ ತಾನೇ ಕಂಡುಹಿಡಿದು, ಹೊಸ ಅಡುಗೆಯೆಂದು ತಂಗಿಯರಿಗೆ ವಿಡಿಯೋ ಕಳಿಸಿದಳು. ವಾಸದ ಪರವಾನಗಿಯ ಕಾರ್ಡು ಮಾರ್ಚಿಗೆ ಮುಗಿಯುತ್ತಿತ್ತು. ಕಂಪನಿ ಒಂದು ಪತ್ರ ಕೊಟ್ಟರೆ ಮುಂದಕ್ಕೆ ಸಿಗುತ್ತದೆ, ಕೊಡದಿದ್ದರೆ ಗಂಟುಮೂಟೆ ಕಟ್ಟಬೇಕು. ಇಬ್ಬರೂ ಇಲ್ಲೇ ನೆಲೆನಿಲ್ಲುವ ಮಾತಾಡತೊಡಗಿದ್ದರು.

ನವೆಂಬರಿನಲ್ಲಿ ಹದಿನಾಲ್ಕನೇ ಕಂಬದ ಬುಡದ ತಾಮ್ರದ ಕೇಬಲ್ಲನ್ನು ಯಾರೋ ಎರಡು ಕಡೆ ಕೊಯ್ದರು. ತಾಮ್ರ ಕದಿಯಲು ಬಂದವರು ಏನೋ ಸದ್ದಾಗಿ ಅಷ್ಟಕ್ಕೇ ಬಿಟ್ಟು ಓಡಿದ್ದರು. ಹೆಬ್ಬೆರಳು ಗಾತ್ರದ ಕೇಬಲ್ಲು, ಓರೆಯಾಗಿ, ನುಣ್ಣಗೆ ಕೊಯ್ದ ಗುರುತು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ಕೆಲಸವೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಕಾವಲಿನವರು ಎಲ್ಲಿದ್ದರು ಎಂದು ಯಾರಾದರೂ ಕೇಳಬೇಕಿತ್ತು. ಕೇಳಲಿಲ್ಲ, ಯಾಕೆಂದರೆ ಕಾವಲಿನ ಗುತ್ತಿಗೆ ಮ್ಯಾನೇಜರ್ ಆರ್ತೂರೊನ ಬಾಮೈದನದು.

ಮೂರು ದಿನ ಕಳೆದ ಮೇಲೆ ಆರ್ತೂರೊ ಒಂದು ಕಾಗದ ತಂದು ರಂಗೇಶನ ಮುಂದಿಟ್ಟ. ಮೇಯುವ ಪ್ರಾಣಿಗಳು ಕಚ್ಚಿ ಕೇಬಲ್ಲು ಹಾಳಾಗಿದೆ, ಹನ್ನೆರಡನೇ ಕಂಬದಿಂದ ಹದಿನಾರನೆಯದರ ತನಕ ಬೇಲಿ ಹಾಕಬೇಕು ಎಂದು ಅದರಲ್ಲಿ ಬರೆದಿತ್ತು. ಬೇಲಿಯ ಕಂಬಗಳು ಆಗಲೇ ಬಂದು ರಸ್ತೆ ಬದಿಯಲ್ಲಿ ಬಿದ್ದಿದ್ದವು. ಅವನ್ನು ನೆಟ್ಟರೆ ಎಲೋದಿಯಾಳ ಮೇಕೆಗಳು ನೀರಿಗೆ ಹೋಗಲು ಲಾರಿಗಳು ಓಡುವ ಹೆದ್ದಾರಿಯಲ್ಲಿ ಆರು ಕಿಲೋಮೀಟರ್ ಸುತ್ತಬೇಕು.

"ಗುರುವಾರ ಊರಿನವರ ಸಭೆ ಇದೆ," ಎಂದ ಆರ್ತೂರೊ ಇಂಗ್ಲಿಷಿನಲ್ಲಿ. "ಇಂಡಿಯಾದಲ್ಲಿ ಹದಿಮೂರು ವರ್ಷ ಕೆಲಸ ಮಾಡಿದ ಪರಿಣತನೇ ಹೇಳಿದ್ದಾನೆ ಎಂದರೆ ಅವರು ತಕರಾರು ಮಾಡುವುದಿಲ್ಲ. ನಿನ್ನ ಸಹಿ ಒಂದು ಸಾಕು."

ರಂಗೇಶನ ಮೈ ಉರಿಯಿತು. ಆರ್ತೂರೊ ಸುಳ್ಳು ಬರೆದದ್ದಕ್ಕೆ ಮಾತ್ರವಲ್ಲ. ನಿನ್ನ ಸಹಿ ಒಂದು ಸಾಕು ಎಂಬ ಇದೇ ಮಾತನ್ನು, ಇದೇ ಸಲಿಗೆಯಲ್ಲಿ, ಅವನು ಹಿಂದೊಮ್ಮೆ ಕೇಳಿದ್ದ.

ಆಗ ಅವನಿಗೆ ಇಪ್ಪತ್ತೆರಡು ವರ್ಷ. ಊರ ಗುಡ್ಡದ ಮೇಲೆ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಸೊಂಟದಾಳಕ್ಕೆ ಹೂಳಬೇಕಿದ್ದ ಕೇಬಲ್ಲನ್ನು ಗುತ್ತಿಗೆದಾರ ಪಾದ ಮುಚ್ಚುವಷ್ಟು ಅಗೆದು ಹೂಳಿದ್ದ. ಜೀಪು ಓಡಾಡಿ ಓಡಾಡಿ, ಕಲ್ಲಿನ ಮೇಲೆ ಸಿಕ್ಕಿ ಅದು ತುಂಡಾಯಿತು. ತಪ್ಪು ಗುತ್ತಿಗೆದಾರನದು, ಬಿಲ್ಲು ಪಾಸು ಮಾಡಿದವರದು. ಗೂಬೆ ಕೂರಿಸಿದ್ದು ಮಾತ್ರ ಕುರಿಗಳ ತಲೆಯ ಮೇಲೆ. ಕುರಿ ಕಚ್ಚಿ ಕೇಬಲ್ಲು ತುಂಡಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದು ವರದಿ ತಯಾರಾಯಿತು. ಅದಕ್ಕೆ ಸಾಕ್ಷಿ ಬೇಕಿತ್ತು. ನೀನು ಇದೇ ಹಟ್ಟಿಯವನು, ನಿನ್ನ ಸಹಿ ಒಂದು ಸಾಕು ಎಂದು ಸೂಪರ್‌ವೈಸರು ಪೆನ್ನು ಕೊಟ್ಟ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರಂಗೇಶ ಸಹಿ ಹಾಕಿದ.

ಆ ಗುಡ್ಡದ ಮೇಲೆ ಮೇಯುತ್ತಿದ್ದುದು ಗೊಲ್ಲಪ್ಪನ ಕುರಿಗಳು. ಅಜ್ಜನ ಕಾಲದಿಂದ ಹತ್ತುತ್ತಿದ್ದ ದಾರಿಗೆ ಗೇಟು ಬಿತ್ತು. ಗೊಲ್ಲಪ್ಪ ಎರಡು ವರ್ಷ ಸುತ್ತುದಾರಿಯಲ್ಲಿ ಕುರಿ ಹೊಡೆದ, ಆಮೇಲೆ ಅರ್ಧ ಮಾರಿದ, ಆಮೇಲೆ ಎರಡು ಟಗರು ಬಿಟ್ಟು ಉಳಿದದ್ದನ್ನೂ. ಕೊನೆಗೆ ಅದೇ ಕಂಪನಿಯವರು ಅವನಿಗೆ ಖಾಕಿ ಅಂಗಿ, ಸೀಟಿ ಕೊಟ್ಟು ಅದೇ ಗೇಟು ಕಾಯಲು ಕೂರಿಸಿದರು, ಅದನ್ನೊಂದು ಉಪಕಾರವೆಂದೂ ಹೇಳಿಕೊಂಡರು. ಇನ್ನೂರು ಕುರಿಗಳ ಯಜಮಾನ ಸಾಹೇಬರ ಜೀಪಿಗೆ ಎದ್ದು ನಿಂತು ಗೇಟು ತೆಗೆಯುತ್ತಿದ್ದ. ಆ ಜೀಪಿನಲ್ಲಿ ಎಷ್ಟೋ ಸಲ ರಂಗೇಶನೂ ಇರುತ್ತಿದ್ದ. ಮಾವ ಒಂದು ದಿನವೂ ಆ ವಿಷಯ ಎತ್ತಲಿಲ್ಲ. ನಾಲ್ಕು ವರ್ಷದ ಮೇಲೆ ಮಗಳನ್ನೂ ಕೊಟ್ಟ. ಸಹಿಯ ಸಂಗತಿ ಮಾವನಿಗೆ ಗೊತ್ತಿಲ್ಲವೆಂದೇ ರಂಗೇಶ ನಂಬಿಕೊಂಡಿದ್ದ. ಕಾವ್ಯಶ್ರೀಗಂತೂ ಅವನು ಹೇಳಿಯೇ ಇರಲಿಲ್ಲ.

ಆರ್ತೂರೊನ ಕಾಗದವನ್ನು ಅವನು ಮಡಚಿ ಜೇಬಿನಲ್ಲಿಟ್ಟುಕೊಂಡ. ಸಹಿಯನ್ನು ಸಭೆಯಲ್ಲೇ ಹಾಕುತ್ತೇನೆ ಎಂದ. ಆರ್ತೂರೊಗೆ ಅದು ಇನ್ನೂ ಚೆನ್ನಾಗಿ ಕಂಡಿತು.

ಗುರುವಾರ ಶಾಲೆಯ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ ಊರಿನವರು ಸೇರಿದರು. ಆರ್ತೂರೊ ವರದಿ ಓದಿದ. ಎಲೋದಿಯಾ ಎದ್ದು ನಿಂತು ಏನೋ ಹೇಳಿದಳು. ಆರ್ತೂರೊ ತಲೆಯಾಡಿಸಿ ಮುಂದಿನ ಸಾಲು ಓದಿದ. ಅವಳು ಮತ್ತೊಮ್ಮೆ ಎದ್ದು ಅದನ್ನೇ ಇನ್ನೂ ಜೋರಾಗಿ ಹೇಳಿದಳು. ಬರೆದುಕೊಳ್ಳಲು ಕೂತಿದ್ದವನ ಪೆನ್ನು ಅಲ್ಲಾಡಲಿಲ್ಲ.

"ಏನಂತೆ?" ಎಂದು ರಂಗೇಶ ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದ.

"ಮೇಕೆಗೆ ಮೇಲ್ಗಡೆ ಹಲ್ಲೆಲ್ಲಿ ಅವೆ ಅಂತಾಳೆ," ಎಂದಳು ಕಾವ್ಯಶ್ರೀ. "ಅಷ್ಟೂ ಗೊತ್ತಿಲ್ವಾ ಇವ್ರಿಗೆ?"

ಗೊತ್ತಿಲ್ಲದೆ ಏನು. ಮೇಕೆ ಕುರಿ ಸಾಕಿದ ಯಾವ ಊರಿನಲ್ಲಾದರೂ ಇದು ಹಸುಗೂಸಿಗೂ ಗೊತ್ತಿರುವ ಮಾತು. ಕೆಳದವಡೆಯ ಮುಂದೆ ಎಂಟು ಹಲ್ಲು, ಮೇಲ್ದವಡೆಯ ಮುಂದೆ ಬರೀ ವಸಡು. ಸೊಪ್ಪನ್ನು ವಸಡಿಗೆ ಒತ್ತಿಕೊಂಡು ಹರಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಹಿಂದಿನ ದವಡೆಹಲ್ಲಿನಲ್ಲಿ ಅಗಿದರೆ ಜಜ್ಜಿಹೋಗುತ್ತದೆ, ನುಣ್ಣಗೆ ಕೊಯ್ದಂತೆ ಆಗುವುದಿಲ್ಲ. ಆ ಸಭೆಯಲ್ಲಿ ಅರ್ಧ ಜನರಿಗೆ ಅದು ತಿಳಿದಿತ್ತು. ಆದರೆ ಹರಿದ ಚಪ್ಪಲಿಯ ಮುದುಕಿಯೊಬ್ಬಳು ಹೇಳಿದರೆ ಅದು ಮಾತೇ ಅಲ್ಲ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡವನು ಹೇಳಬೇಕು. ಎಂಥ ಅನ್ಯಾಯದ ವ್ಯವಸ್ಥೆ ಇದು. ಭೂಮಿಯ ಆ ಬದಿಗೆ ಹೋದರೂ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ.

ರಂಗೇಶ ಎದ್ದು ಹೊರಗೆ ಹೋದ. ಶಾಲೆಯ ಬೇಲಿಗೆ ಕಟ್ಟಿದ್ದ ಎಲೋದಿಯಾಳ ಮೇಕೆಯೊಂದನ್ನು ಕಿವಿ ಹಿಡಿದು ಒಳಗೆ ತಂದ. ಅದನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಹೆಬ್ಬೆರಳನ್ನು ಬಾಯಿಯ ಸಂದಿಗೆ ತೂರಿಸಿ ಬಾಯಿ ಅಗಲಿಸಿದ. ಸಂತೆಯಲ್ಲಿ ಕುರಿಯ ವಯಸ್ಸು ನೋಡಲು ಮಾವ ಹಿಡಿಯುತ್ತಿದ್ದುದು ಹಾಗೆಯೇ. ಕೆಳಗಿನ ಎಂಟು ಹಲ್ಲು ಮುಟ್ಟಿ ತೋರಿಸಿದ. ಆಮೇಲೆ ಮೇಲಿನ ಬೋಳು ವಸಡಿನ ಮೇಲೆ ಬೆರಳಾಡಿಸಿದ. ಕಂಬದ ಬುಡದಿಂದ ಎತ್ತಿ ತಂದಿದ್ದ, ಕೊಯ್ದ ಕೇಬಲ್ಲಿನ ತುಂಡನ್ನು ಜೇಬಿನಿಂದ ತೆಗೆದು ಆರ್ತೂರೊನ ಮುಂದಿಟ್ಟು, ಅವನ ಮುಖವನ್ನೇ ನೋಡುತ್ತ ನಿಂತ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನವರೆಗೂ ಬಂತು. ಎಲೋದಿಯಾ ಮಾತ್ರ ನಗಲಿಲ್ಲ, ಎರಡು ಸಲ ತಾನು ಹೇಳಿದ್ದು ಅದೇ ಅಲ್ಲವೇ.

ರಂಗೇಶ ಕಾಗದ ಬಿಚ್ಚಿ, ಓದಿದವರಿಗೆಲ್ಲ ತಿಳಿಯಲೆಂದು ತನಗೆ ಬಂದಷ್ಟು ಸ್ಪ್ಯಾನಿಷಿನಲ್ಲಿ, ದಪ್ಪ ಅಕ್ಷರದಲ್ಲಿ, ಇದು ಬ್ಲೇಡಿನಿಂದ ಕೊಯ್ದದ್ದು, ಪ್ರಾಣಿ ಕಚ್ಚಿದ್ದಲ್ಲ ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದ.

ಆರ್ತೂರೊ ಫೈಲು ಮುಚ್ಚಿದ. ಬೇಲಿಯ ವಿಚಾರ ಮುಂದೆ ನೋಡೋಣ ಎಂದು ಸಭೆಗೆ ಹೇಳಿದ. ಜೀಪು ಹತ್ತುವಾಗ ರಂಗೇಶನಿಗೆ ಹೇಳಿದ್ದು ಬೇರೆ. "ಮಾರ್ಚಿನ ಪತ್ರದ ವಿಚಾರವನ್ನೂ ಮುಂದೆ ನೋಡೋಣ."

ಸಂಜೆ ಕಾವ್ಯಶ್ರೀ ಡಬ್ಬಿಯ ತಳದಲ್ಲಿದ್ದ ಕೊನೆಯ ರಾಗಿಹಿಟ್ಟನ್ನು ಕೆರೆದು ಮುದ್ದೆ ಮಾಡಿದಳು. ಅವಳ ಮುಖ ಅರಳಿತ್ತು. "ಪತ್ರ ಕೊಡದಿದ್ರೆ ಬಿಡ್ಲಿ ಬಾವ, ಊರಿಗೆ ಹೋಗಾಣ. ಅಪ್ಪಂಗೆ ಈಗ್ಲೇ ಹೇಳ್ಬೇಕು ಇದನ್ನ. ಎಷ್ಟು ಖುಷಿ ಪಡ್ತಾನೋ," ಎನ್ನುತ್ತ ಫೋನು ಕೈಗೆತ್ತಿಕೊಂಡಳು.

"ತಡಿ ಕಾವ್ಯ," ಎಂದ ರಂಗೇಶ. "ಮೊದ್ಲು ಒಂದು ಮಾತು ಕೇಳು."

ಗುಡ್ಡದ ವರದಿಯ ಕಥೆಯನ್ನು ಅವನು ತಡವರಿಸುತ್ತ ಹೇಳಿದ. ಅವಳು ಮುದ್ದೆಯ ಕೋಲು ಕೆಳಗಿಟ್ಟು ಕೇಳಿದಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

"ನಮ್ಮ ಮದ್ವಿಗೆ ಅಪ್ಪ ಎರಡು ಟಗರು ಕಡಿಸಿದ್ದ," ಎಂದಳು. "ಅವೇ ಕೊನೆವು. ಆಮೇಲೆ ನಮ್ಮ ಕುರಿ ರೊಪ್ಪದಾಗೆ ಏನೂ ಉಳೀಲಿಲ್ಲ. ನೀನು ಕುಂತ್ಕಂಡು ಉಂಡೆ." ಆಮೇಲೆ ಅಪ್ಪನ ನಂಬರು ಒತ್ತಿ, ಫೋನನ್ನು ಅವನ ತಟ್ಟೆಯ ಪಕ್ಕ ಇಟ್ಟಳು. "ನೀನೇ ಹೇಳು."

ಅಲ್ಲಿ ಬೆಳಗಿನ ಹೊತ್ತು. ಗೊಲ್ಲಪ್ಪ ಕೆಮ್ಮುತ್ತ ಫೋನು ಎತ್ತಿದ. ರಂಗೇಶ ಇವತ್ತಿನ ಸಭೆಯಿಂದ ಶುರುಮಾಡಿ, ಹಿಂದಕ್ಕೆ ಹೋಗಿ, ಆ ಪೆನ್ನಿನ ತನಕ ಎಲ್ಲವನ್ನೂ ಹೇಳಿದ. ಅತ್ತ ಕಡೆ ಕೋಳಿ ಕೂಗುತ್ತಿತ್ತು.

"ಗೊತ್ತಿತ್ತು ಕಣಪ್ಪ," ಎಂದ ಗೊಲ್ಲಪ್ಪ. "ಆವತ್ತೇ ಆಫೀಸ್ನಾಗೆ ನಿಲ್ಸಿ ಓದಿ ಹೇಳಿದ್ರು. ಸಾಕ್ಷಿ ಅಂತ ನಿನ್ನ ಹೆಸ್ರೂ ಓದಿದ್ರು."

"ಮತ್ತೆ ಹೆಣ್ಣು ಯಾಕೆ ಕೊಟ್ಟೆ ಮಾವ?"

"ಅಕ್ಕನ ಮಗ. ಆ ನಿನ್ನ ಸೂಪ್ರವೈಸರ್ ಮೇಲಿನ ಸಿಟ್ಟಿಗೆ ಅಕ್ಕನ ಮನೆ ಬಾಗ್ಲು ಮುಚ್ಚಾಕಾಗ್ತೈತಾ?" ಆಮೇಲೆ ಕೇಳಿದ. "ಆ ಯಮ್ಮನ ಮೇಕೆಗೆ ದಾರಿ ಉಳೀತಾ?"

"ಸದ್ಯಕ್ಕೆ ಉಳೀತು ಮಾವ. ನಮ್ಗೇ ಇಲ್ಲಿ ಉಳಿಯಾಕೆ ಆಗ್ತೈತೋ ಇಲ್ವೋ."

"ಅದು ಬಿಡು." ಗೊಲ್ಲಪ್ಪನ ದನಿ ಏರಲಿಲ್ಲ. "ಕುರಿಗೆ ಮೇಲ್ಗಡೆ ಹಲ್ಲಿಲ್ಲ ಅಂತ ನಿಂಗೆ ಐದು ವರ್ಷ ಇದ್ದಾಗ ನಾನೇ ಬೆರಳು ಹಿಡ್ದು ತೋರ್ಸಿದ್ದೆ. ಅದನ್ನ ನಾಕು ಜನ್ರ ಮುಂದೆ ಹೇಳಾಕೆ ನೀನು ಅಷ್ಟು ದೂರ ಹೋಗ್ಬೇಕಾತೇನಪ್ಪ."