ಮುಚ್ಚಳದ ಮೇಲಿನ ಗುರುತು

ಅರಣ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಬೂಷ್ಟಕ್ಕ ಎಂದೇ ಕರೆಯುತ್ತಿದ್ದರು. ಹನ್ನೆರಡು ವರ್ಷಗಳಿಂದ ಬೂಷ್ಟು ಬೆಳೆಸುವುದೇ ಅವಳ ಕೆಲಸ. ಅಕ್ಕಿಕಾಳಿನಷ್ಟಿರುವ ದುಂಬಿ ಪೈನ್ ಮರದ ತೊಗಟೆ ಕೊರೆದು ಒಳಹೊಕ್ಕಾಗ, ಅದರ ಮೈಗಂಟಿದ ಶಿಲೀಂಧ್ರವೂ ಜೊತೆಗೆ ಹೋಗುತ್ತದೆ. ಅದು ಮರದೊಳಗೆ ನೀರು ಏರುವ ದಾರಿ ಕಟ್ಟಿಹಾಕಿ, ಕಟ್ಟಿಗೆಯನ್ನೇ ನೀಲಿಗಟ್ಟಿಸುತ್ತದೆ. ದುಂಬಿಯನ್ನು, ಬೂಷ್ಟು ಬೆಳೆಯಲು ಅಗರ್ ಎಂಬ ಲೋಳೆ ಹರಡಿದ ಗಾಜಿನ ತಟ್ಟೆಯ ಮೇಲೆ ಓಡಾಡಲು ಬಿಟ್ಟು, ಹೆಜ್ಜೆಯ ಜಾಡಿನಲ್ಲಿ ಏನು ಬೆಳೆಯುತ್ತದೆಂದು ಅವಳು ಕಾಯುತ್ತಿದ್ದಳು. ತಟ್ಟೆ ಕಪ್ಪಾದರೆ ಆ ಶಿಲೀಂಧ್ರ ಇದೆ ಎಂದರ್ಥ.

ಮನೆಗೆ ಹೋದರೆ ಸ್ನಾನ ಮಾಡದೆ ಮಗಳನ್ನು ಮುಟ್ಟುತ್ತಿರಲಿಲ್ಲ.

"ಮರದ ಬೂಷ್ಟು ಮನುಷ್ಯರಿಗೆ ಅಂಟಲ್ಲ ಅಂತ ನೀನೇ ಹೇಳ್ತೀಯ. ಮತ್ಯಾಕೆ ಮೈ ಉಜ್ಜಿ ಉಜ್ಜಿ ಸವೆಸ್ಕೋತೀಯ?" ಎನ್ನುತ್ತಿದ್ದರು ಅತ್ತೆ.

"ಗೊತ್ತು ಅತ್ತೆ. ಆದ್ರೂ."

ಆ ವಾರ ಮಗಳಿಗೆ ಜ್ವರ. ಅವಳ ಪಕ್ಕ ಕೂತು ಬೂಷ್ಟಕ್ಕ ಮೂರು ರಾತ್ರಿ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಗುಡ್ಡದ ಕೆಳಗಿನ ಕಾಡು ಆಗಲೇ ಒಣಗುತ್ತಿತ್ತು. ಮೇಲಿನ ಕಾಡಿಗೂ ರೋಗ ಹತ್ತಿದೆಯೇ ಎನ್ನುವುದನ್ನು ಅವಳ ತಟ್ಟೆಗಳು ಹೇಳಬೇಕಿತ್ತು. ಹತ್ತಿದ್ದರೆ ಅಲ್ಲಿನ ಎರಡು ಸಾವಿರ ಮರಗಳನ್ನೂ ಇಲಾಖೆ ಕಡಿದು ಉರುಳಿಸಬೇಕಿತ್ತು.

ಕೆಳಗಿನ ಕಾಡಿನ ಆರು ತಟ್ಟೆಗಳಲ್ಲಿ ಐದು ಕಪ್ಪಾಗಿದ್ದವು, ಒಂದು ಶುಭ್ರ. ಮೇಲಿನ ಕಾಡಿನ ಆರರಲ್ಲಿ ಐದು ಶುಭ್ರ, ಒಂದು ಕಪ್ಪು. ಆ ಒಂದೇ ಒಂದನ್ನು ಅವಳು ಎತ್ತಿ ತಳ ತಿರುಗಿಸಿ ನೋಡಿದಳು. ಗುರುತನ್ನು ತಟ್ಟೆಯ ತಳಕ್ಕೆ ಬರೆಯುವ ಬದಲು ಮುಚ್ಚಳದ ಮೇಲೆ ಬರೆದಿದ್ದಳು. ಬೆವೆತ ಮುಚ್ಚಳಗಳನ್ನು ನಿದ್ದೆಗಣ್ಣಿನಲ್ಲಿ ಒಟ್ಟಿಗೆ ತೆಗೆದು ಒರೆಸಿ, ನೆನಪಿನ ಮೇಲೆ ತಿರುಗಿ ಮುಚ್ಚಿದ್ದಳು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಧ್ಯಾಹ್ನದವರೆಗೂ ಹಾಗೇ ಇದ್ದಳು. ಆಮೇಲೆ ಎದ್ದು ಸಾಹೇಬರ ಕೋಣೆಗೆ ಹೋದಳು.

"ಸರ್, ಈ ತಟ್ಟೆಗಳನ್ನ ನಂಬೋ ಹಾಗಿಲ್ಲ. ಮುಚ್ಚಳದ ಮೇಲೆ ಬರೆದ್ಬಿಟ್ಟೆ. ಒರೆಸೋವಾಗ ಎರಡು ಅದಲುಬದಲಾಗಿರಬಹುದು."

ಸಾಹೇಬರು ಕನ್ನಡಕ ತೆಗೆದರು. "ತಳಕ್ಕೆ ಬರೀಬೇಕು ಅಂತ ನನಗೇ ಪಾಠ ಹೇಳಿದೋರು ನೀವು."

"ಹೌದು ಸರ್."

"ಅದಲುಬದಲಾಗಿದೆ ಅಂತ ಗ್ಯಾರಂಟಿನಾ?"

"ಅದೂ ಗೊತ್ತಿಲ್ಲ. ಅದೇ ತೊಂದರೆ."

"ನಾಳೆ ಮರ ಕಡಿಯೋ ಆದೇಶಕ್ಕೆ ಸಹಿ ಆಗ್ಬೇಕು. ಅದನ್ನ ತಡೆದು, ಅಷ್ಟರಲ್ಲಿ ದುಂಬಿ ಬೇರೆ ಕಡೆ ಹಾರಿದ್ರೆ ಯಾರ ತಲೆಗೆ ಬರುತ್ತೆ?"

"ನನ್ನ ತಲೆಗೇ ಬರಲಿ. ಬರೆದುಕೊಡ್ತೀನಿ."

ಹತ್ತು ದಿನ ಸಿಕ್ಕಿತು. ಮರುದಿನ ಅವಳು ಉಳಿ, ಸುತ್ತಿಗೆ ಹಿಡಿದು ಗುಡ್ಡ ಹತ್ತಿದಳು. ನಡುವೆ ಎರಡು ಸಲ ಕೂತು ಮನೆಗೆ ಫೋನು ಮಾಡಿದಳು.

"ಜ್ವರ ಇಳಿದಿದೆ ಕಣೆ, ಆಟ ಆಡ್ತಿದಾಳೆ. ನೂರು ಸಲ ಕೇಳಿದ್ರೂ ಇದನ್ನೇ ಹೇಳೋದು," ಎಂದರು ಅತ್ತೆ.

ಸಂಜೆಯವರೆಗೆ ತೊಗಟೆ ಎಬ್ಬಿಸಿ ಮೇಲಿನ ಕಾಡಿನ ಹನ್ನೆರಡು ಮರಗಳಿಂದ ದುಂಬಿ ಹಿಡಿದಳು.

ಹತ್ತನೇ ದಿನ, ಈ ಸಲ ತಳಕ್ಕೇ ಗುರುತು ಬರೆದಿದ್ದ ಹನ್ನೆರಡು ಹೊಸ ತಟ್ಟೆಗಳಲ್ಲಿ ಎರಡು ಕಪ್ಪಾದವು. ಅವಳು ವರದಿ ಬರೆದು ಸಾಹೇಬರ ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಮೊದಲಿನ ತಟ್ಟೆಗಳೂ ಸರಿಯಾಗೇ ಇದ್ವೇನೋ," ಎಂದರು ಅವರು. "ಸುಮ್ನೆ ಗುಡ್ಡ ಹತ್ತಿ ಇಳಿದ ಹಾಗಾಯ್ತು."

"ಇರಬಹುದು ಸರ್," ಎಂದಳು ಅವಳು. ಎರಡು ಸಾವಿರ ಮರ ಉರುಳುವುದು ಈಗ ಖಚಿತವಾಗಿತ್ತು. ತನ್ನ ನಿದ್ದೆಗಣ್ಣಿನ ತಪ್ಪಿನಿಂದ ಅವು ಉರುಳುತ್ತಿಲ್ಲ ಎನ್ನುವುದಷ್ಟೇ ಅವಳಿಗೆ ಉಳಿದ ಸಮಾಧಾನ. ಅವಳು ಹಳೆಯ ತಟ್ಟೆಗಳನ್ನು ಬುಟ್ಟಿಗೆ ತುಂಬಿ, ಬೂಷ್ಟು ಸಾಯುವಂತೆ ಹಬೆಯಲ್ಲಿ ಬೇಯಿಸಲು ಒಳಗೆ ಹೋದಳು.