ತಪ್ಪು ಕಂಬದಲ್ಲಿತ್ತು ಎಂದವರು

ಅವರ ಮೇಲಿನ ಸಾಲಿನ ಮುಂದಿನ ಹಲ್ಲೊಂದರಲ್ಲಿ ಅರದಿಂದ ತಿಕ್ಕಿ ಮಾಡಿದಂಥ ಒಂದು ಕಚ್ಚು ಇತ್ತು. ಮನೆಮನೆಗೆ ಟಿವಿ ಕೇಬಲ್ಲು ಬಂದ ಕಾಲದಿಂದಲೂ ವಾಯರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಆದ ಕಚ್ಚು ಅದು. ಸಿಪ್ಪೆ ಸುಲಿಯುವ ಇಕ್ಕಳ ಅವರ ಚೀಲದಲ್ಲೇ ಬಿದ್ದಿರುತ್ತಿತ್ತು. ಕೇಳಿದರೆ, "ಹೊಸಾ ಇಕ್ಕಳ ಅದ, ಸುಮ್ಮ ಯಾಕ ಸವಸೂದು" ಎನ್ನುತ್ತಿದ್ದರು. ಹಲ್ಲು ಸವೆಯುವುದು ಅವರ ಲೆಕ್ಕಕ್ಕಿರಲಿಲ್ಲ. ನಕ್ಕರೆ ಆ ಕಚ್ಚಿನಲ್ಲಿ ಎಲೆಅಡಿಕೆಯ ಕೆಂಪು ನಿಂತದ್ದು ಕಾಣುತ್ತಿತ್ತು.

ನಾವು ಅವರನ್ನು ವಾಯರ್ ಕಾಕಾ ಎಂದು ಕರೆಯುತ್ತಿದ್ದೆವು. ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದು ಅವರು ಸತ್ತ ಮೇಲೆ, ಅಕ್ಕಲಕೋಟದ ಬಸ್ ನಿಲ್ದಾಣದ ಹತ್ತಿರ ಕಟ್ಟಿದ್ದ ಶ್ರದ್ಧಾಂಜಲಿ ಬ್ಯಾನರಿನಲ್ಲಿ. ಆ ಹೆಸರು ಅವರಿಗೆ ಒಪ್ಪುತ್ತಲೂ ಇರಲಿಲ್ಲ. ಅದಕ್ಕೇ ಇಲ್ಲಿಯೂ ಬರೆಯುವುದಿಲ್ಲ.

ವಾಗದರಿ ಕಡೆಯ ಹಳ್ಳಿಗಳು, ಚಪಳಗಾಂವ, ಸುತ್ತಲಿನ ಹೊಲದ ವಸ್ತಿಗಳು, ಇಷ್ಟಕ್ಕೂ ಕೇಬಲ್ಲು, ಇಂಟರ್‌ನೆಟ್ಟಿನ ಲೈನು ನೋಡುವವರು ಅವರೊಬ್ಬರೇ. ಮೋಟರ್ ಸೈಕಲ್ಲಿನ ಎರಡೂ ಕಡೆ ಕರಿ ವಾಯರಿನ ಸುರುಳಿ ತೂಗುಹಾಕಿಕೊಂಡು ಬರುವರು. ಏಣಿ ಮಾತ್ರ ಯಾರ ಮನೆಯಲ್ಲಿ ಸಿಕ್ಕರೆ ಅವರದು. ಎಂಥ ಅವಸರವಿದ್ದರೂ ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಮೊದಲು ಒಂದು ತಂಬಿಗೆ ನೀರು ಕೇಳುವರು. ನೀರು ಕುಡಿಯದೆ ವಾಯರಿಗೆ ಕೈ ಹಚ್ಚಿದ್ದನ್ನು ನಾನು ಕಂಡಿಲ್ಲ. "ಎಷ್ಟೊತ್ತ ಆಗ್ತದ ಕಾಕಾ?" ಎಂದರೆ ಉತ್ತರ ಒಂದೇ: "ಐದ ಮಿನಿಟ." ಅವರ ಐದು ಮಿನಿಟು ಅರ್ಧ ತಾಸೂ ಆಗಬಹುದು, ಮಾರನೇ ದಿನವೂ ಆಗಬಹುದು. ನಮ್ಮ ಕಡೆ ಯಾರಾದರೂ ತಡವಾಗಿ ಬಂದರೆ "ವಾಯರ್ ಕಾಕಾನ ಐದ ಮಿನಿಟ ಆತೇನೋ?" ಎಂದು ಕಾಡುವುದು ರೂಢಿಯಾಗಿತ್ತು. ಅವರೂ ಅದನ್ನು ಕೇಳಿ ನಗುತ್ತಿದ್ದರು.

ನಮ್ಮದು ಚಪಳಗಾಂವದ ಹೊರಗಿನ ವಸ್ತಿ. ಮನೆ, ಕುರಿಗಳ ಹಟ್ಟಿ, ಒಂದು ಬಾವಿ. ಮೊಬೈಲಿನಲ್ಲಿ ಮಾತಾಡಲು ಮಾಳಿಗೆ ಹತ್ತಬೇಕು, ಇಂಟರ್‌ನೆಟ್ ಅಂತೂ ಅಲ್ಲಿಯೂ ಇಲ್ಲ. ನಾನು ಹನ್ನೊಂದನೆಯ ತರಗತಿಗೆ ಹೋದಾಗ ಅಣ್ಣ ಸೊಲ್ಲಾಪುರದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು ತಂದ. ಅದಕ್ಕೆ ಲೈನು ಬೇಕಲ್ಲ. ವಸ್ತಿಯ ತನಕ ಕಂಬವಿಲ್ಲ, ಆಗುವುದಿಲ್ಲ ಎಂದು ಇಂಟರ್‌ನೆಟ್ ಕಂಪನಿಯ ಆಫೀಸಿನವರು ಹೇಳಿದರು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ವಾಯರ್ ಕಾಕಾ ಮಾತ್ರ ನಮ್ಮ ಅಂಗಳದಲ್ಲಿ ನಿಂತು, ರಸ್ತೆ ನೋಡಿ, ಬೇವಿನ ಮರ ನೋಡಿ, "ಹುಡಿಗಿ ಕಲೀತೀನಿ ಅಂತಾಳ, ನೀವ್ಯಾಕ ಬ್ಯಾಡಂತೀರಿ? ಆ ಬೇವಿನ ಗಿಡಾ ನನಗ ಕಂಬ" ಎಂದರು. ಟಿವಿ ಕೇಬಲ್ಲಿನ ಹಳೆಯ ಕಂಬಗಳನ್ನು ಎಲ್ಲಿಂದಲೋ ಹುಡುಕಿ ತಂದು ಎರಡು ದಿನ ಒಬ್ಬರೇ ನೆಟ್ಟರು. ನಮ್ಮ ಮನೆಯ ಗೋಡೆಯ ಮೇಲೆ ವಾಯ್‌ಫಾಯ್ ಡಬ್ಬಿ ಕೂತದ್ದು ಹಾಗೆ.

ಲ್ಯಾಪ್‌ಟಾಪಿನಲ್ಲಿ ವಾಯ್‌ಫಾಯ್ ತುಂಬಿ ತೋರಿಸುತ್ತದೆ, ಆದರೆ ಏನೂ ತೆರೆಯುವುದಿಲ್ಲ, ಇದು ನನಗೆ ಮೊದಲು ಅರ್ಥವೇ ಆಗುತ್ತಿರಲಿಲ್ಲ. ಕಾಕಾ ಕೂತು ಬಿಡಿಸಿ ಹೇಳಿದರು. "ತಂಗಿ, ವಾಯಫಾಯ ಅಂದ್ರ ಲ್ಯಾಪಟಾಪದಿಂದ ಈ ಡಬ್ಬಿ ತನಾ ಇರೂ ಓಣಿ. ಇಂಟರನೆಟ ಅಂದ್ರ ಡಬ್ಬಿಯಿಂದ ಅಕ್ಕಲಕೋಟಕ್ಕ ಹೋಗೂ ರಸ್ತಾ. ಓಣಿ ಛಲೋ ಇದ್ರೂ ರಸ್ತಾ ಬಂದ್ ಇರಬಹುದು. ಡಬ್ಬಿ ಮ್ಯಾಲ ಕೆಂಪ ದೀಪಾ ಹತ್ತಿತ್ತಂದ್ರ ರಸ್ತಾ ಬಂದ್ ಅಂತ ತಿಳೀ." ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಹಚ್ಚುವುದು, ವಾಯ್‌ಫಾಯನ್ನು ಮರೆಸಿ ಪಾಸ್‌ವರ್ಡ್ ಮತ್ತೆ ಕೊಡುವುದು, ತಾರೀಖು ಸರಿ ಇದೆಯೋ ನೋಡುವುದು, ಎಲ್ಲ ಅವರೇ ಕಲಿಸಿದರು. ತಾಮ್ರದ ವಾಯರಿನ ಕಾಲ ಹೋದದ್ದಕ್ಕೆ ಅವರಿಗೆ ಬೇಸರವಿತ್ತು. "ತಾಂಬರದ ವಾಯರ ತಡಕೊಂತಿತ್ತು. ಇದು ಕಾಜಿಂದು. ಭಾಳ ನಾಜೂಕ" ಎಂದು ಹೊಸ ಗಾಜಿನೆಳೆಯ ವಾಯರನ್ನು ತೋರಿಸುತ್ತಿದ್ದರು.

ಹನ್ನೆರಡನೆಯದಾದ ಮೇಲೆ ನನಗೆ ನರ್ಸಿಂಗ್ ಕಲಿಯಬೇಕೆಂಬ ಹಟ. ಪರೀಕ್ಷೆಯಲ್ಲಿ ಅಂಕಗಳೂ ಬಂದಿದ್ದವು. ಅಪ್ಪ ಒಂದೇ ಮಾತು ಹೇಳಿದ್ದ: "ಈ ವರ್ಷ ಸೊಲ್ಲಾಪುರದ ಕಾಲೇಜಿನಾಗ ನಂಬರ ಹತ್ತಿದ್ರ ಕಲೀ. ಇಲ್ಲಂದ್ರ ಸೋಯರಿಕಿ ನೋಡ್ತೀನಿ, ಮುಂದ ನನ್ನ ಕೇಳಬ್ಯಾಡ." ಅವನು ಮಾತಿಗೆ ತಪ್ಪುವವನಲ್ಲ. ನನ್ನ ದುರ್ದೈವಕ್ಕೆ ಜಾತಿ ಪಡತಾಳಣಿಯ, ಅಂದರೆ ಜಾತಿ ಪರಿಶೀಲನೆಯ, ಕಾಗದ ಕೈಗೆ ಸಿಕ್ಕದ್ದೇ ಕಡೆಯ ದಿನದ ಹಿಂದಿನ ಸಂಜೆ. ಮಾರನೇ ದಿನ ಸಂಜೆ ಐದರೊಳಗೆ ಆ ಕಾಗದ ಸೇರಿಸಿ, ಕಾಲೇಜುಗಳ ಹೆಸರು ಆರಿಸಿ, ಅರ್ಜಿಯನ್ನು ಪಕ್ಕಾ ಮಾಡಬೇಕಿತ್ತು. ಅರ್ಧ ತಾಸಿನ ಕೆಲಸ.

ಆ ಮುಂಜಾನೆ ಅವ್ವ ನನ್ನ ಹಣೆಗೆ ಬಿರೋಬಾನ ಭಂಡಾರ ಹಚ್ಚಿದಳು. ಲ್ಯಾಪ್‌ಟಾಪಿನ ಮೇಲೂ ಡಬ್ಬಿಯ ತಲೆಯ ಮೇಲೂ ಆ ಅರಿಷಿಣದ ಪುಡಿ ಹಚ್ಚಿದ್ದಳು. ನಮ್ಮಲ್ಲಿ ಟ್ರ್ಯಾಕ್ಟರು, ಫ್ರಿಜ್ಜು, ಉಣ್ಣೆ ಕತ್ತರಿಸುವ ಕತ್ತರಿ, ಎಲ್ಲಕ್ಕೂ ಹಚ್ಚುತ್ತಾರೆ. ಆಮೇಲೆ ನನ್ನ ಹೆಸರಿನಲ್ಲಿ ತೆಂಗಿನಕಾಯಿ ಹಿಡಿದುಕೊಂಡು ಬಿರೋಬಾನ ಗುಡಿಗೆ ನಡೆದುಕೊಂಡೇ ಹೋದಳು. ಅಪ್ಪ ಕುರಿ ಹೊಡೆದುಕೊಂಡು ಹೋಗಿದ್ದ, ಅಣ್ಣ ಸೊಲ್ಲಾಪುರದಲ್ಲಿದ್ದ.

ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದೆ. ವಾಯ್‌ಫಾಯ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಆರಿಸಿ ಹಚ್ಚಿದೆ. ಮರೆಸಿ ಮತ್ತೆ ಸೇರಿಸಿದೆ. ತಾರೀಖು ನೋಡಿದೆ. ಡಬ್ಬಿಯ ಮೇಲೆ ಕೆಂಪು ದೀಪ. ಮಾಳಿಗೆ ಹತ್ತಿ ಕಾಕಾಗೆ ಫೋನ್ ಮಾಡಿದೆ.

"ಡಬ್ಬಿಗಿ ಯಾರರೆ ಕೈ ಹಚ್ಚೀರೇನು? ವಾಯರ ತಗದ ಹಾಕೀರೇನು?" ಎಂದು ಕೇಳಿದರು.

"ನಾ ಏನ ಸಣ್ಣಾಕಿ ಏನ್ರಿ? ಯಾರೂ ಮುಟ್ಟಿಲ್ಲ" ಎಂದೆ. ಸಿಡುಕಿ ಎಂದೆ. ಯಾರನ್ನೂ ಕೇಳದೆ ಎಂದೆ.

"ಹಂಗಾರ ಲೈನ ಕಡದಿರಬೇಕು. ನಾ ಅಕ್ಕಲಕೋಟ ಕಡಿಂದ ಕಂಬಾ ನೋಡಕೋಂತ ಬರ್ತೀನಿ. ನೀ ಎಲ್ಲೂ ಹೋಗಬ್ಯಾಡ, ಐದ ಮಿನಿಟ."

ನಾನು ಹೋಗಲಿಲ್ಲ. ಅಕ್ಕಲಕೋಟಕ್ಕೆ ಹೋಗುವ ಹತ್ತರ ಬಸ್ಸು ಹೋಯಿತು, ಹನ್ನೆರಡರ ಬಸ್ಸೂ ಹೋಯಿತು. ಮಾಳಿಗೆಯ ಮೇಲೆ ನಿಂತು ಮತ್ತೆ ಮತ್ತೆ ಫೋನ್ ಮಾಡಿದೆ. ಪ್ರತಿ ಸಲವೂ ಅವರು ಯಾವುದೋ ಕಂಬದ ಮೇಲಿದ್ದರು. ಎರಡೂವರೆಗೆ ನಮ್ಮ ಬೇವಿನ ಮರದ ತನಕ ಬಂದರು. ಮೊಣಕೈ ತರಚಿ ರಕ್ತ ಒಣಗಿತ್ತು. ಮರದಿಂದ ಇಳಿದು ಗಡಿಯಾರ ನೋಡಿದವರೇ, "ಲೈನ ಹಾಳಾಗಿ ಹೋಗಲಿ, ಕಾಗದಾ ತಗೋ, ಗಾಡಿ ಹತ್ತು" ಎಂದರು. ನೀರೂ ಕೇಳಲಿಲ್ಲ.

ದಾರಿಯಲ್ಲಿ ಅವರ ಹಳೆಯ ಗಾಡಿ ಒಮ್ಮೆ ಪಂಕ್ಚರ್ ಆಯಿತು. ಅಕ್ಕಲಕೋಟದ ಕಂಪ್ಯೂಟರ್ ಅಂಗಡಿ ಮುಟ್ಟುವಾಗ ನಾಲ್ಕು ದಾಟಿತ್ತು. ಅಲ್ಲಿ ನನ್ನಂಥವರದೇ ಸಾಲು. ಕಾಕಾ ಪ್ರತಿಯೊಬ್ಬರ ಹತ್ತಿರ ಹೋಗಿ, ಮರಾಠಿಯಲ್ಲಿ, ಕನ್ನಡದಲ್ಲಿ, ಕೈಮುಗಿದು, "ಪೋರೀಚಾ ಶೇವಟಚಾ ದಿವಸ ಆಹೆ ಹೋ, ಈ ಹುಡಿಗೀಗಿ ಮೊದಲ ಬಿಡ್ರಿ" ಎಂದು ಬೇಡಿಕೊಂಡರು. ಎಲ್ಲರಿಗೂ ಅದೇ ಕಡೆಯ ದಿನ. ಯಾರು ಬಿಡುತ್ತಾರೆ? ನನ್ನ ಪಾಳಿ ಬಂದು, ಕಾಗದ ಸೇರಿಸಿ, ಕಾಲೇಜಿನ ಹೆಸರು ಒತ್ತುವಾಗ ಪರದೆಯ ಮೇಲೆ ಮುದತ್ತು ಮುಗಿದಿದೆ ಎಂದು ಮರಾಠಿಯಲ್ಲಿ ಬಂತು. ಅಂಗಡಿಯವನು ಮುಂದಿನವರನ್ನು ಕರೆದ. ಕಾಕಾ ಆ ಪರದೆಯನ್ನೇ ನೋಡುತ್ತಾ ನಿಂತಿದ್ದರು, ಅದು ಇನ್ನೊಬ್ಬರ ಅರ್ಜಿಯಾದ ಮೇಲೂ.

ಮನೆಗೆ ಮರಳಿದಾಗ ಅಪ್ಪ ಇನ್ನೂ ಬಂದಿರಲಿಲ್ಲ. ನಾನು ಹೊಸ್ತಿಲ ಮೇಲೆ ಕೂತೆ. ಕಾಕಾ ಒಳಗೆ ಹೋಗಿ, ಮೊದಲ ಸಲ, ಡಬ್ಬಿಯ ವಾಯರನ್ನು ಹೊರಗೆ ತೆಗೆದರು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಂತರ ಚೀಲದಿಂದ ಹತ್ತಿ ತೆಗೆದು ಒರೆಸಿ ಮತ್ತೆ ಹಾಕಿದರು. ದೀಪ ಹಸಿರಾಯಿತು. ಏನೋ ಕೆಲಸ ಮಾಡುತ್ತಿದ್ದಾರೆ ಅಂದುಕೊಂಡೆ. ಆಗ ನನಗೆ ಅದರಲ್ಲಿ ಯಾವ ಆಸಕ್ತಿಯೂ ಇರಲಿಲ್ಲ.

ಅಪ್ಪ ಬಂದ, ಹಿಂದೆಯೇ ಅವ್ವನೂ ಪ್ರಸಾದದ ಕಾಯಿ ಹಿಡಿದು ಬಂದಳು. "ಎಲ್ಲಿತ್ತು ತಪ್ಪು?" ಎಂದು ಅಪ್ಪ ಕೇಳಿದ.

ಕಾಕಾ ಅವ್ವನ ಮುಖ ನೋಡಿದರು. ಆಮೇಲೆ ಕೆಳಗೆ ನೋಡುತ್ತಾ, "ಕಂಬದಾಗಿತ್ರಿ. ಜೋಡ ಸಡಲಾಗಿತ್ತು. ಹೋದ ವಾರ ನಾನ ಜೋಡಿಸಿದ್ದೆ, ಬರೋಬರಿ ಜೋಡಿಸಿದ್ದಿಲ್ಲ. ತಪ್ಪ ನಂದ" ಎಂದರು.

ಅಪ್ಪ ಅಂದದ್ದನ್ನು ಇಲ್ಲಿ ಬರೆಯಲಾರೆ. ಅವ್ವ ನೆಟಿಕೆ ಮುರಿದು ಶಪಿಸಿದಳು: "ನನ್ನ ಮಗಳ ನಸೀಬ ಕಡದಿ, ನಿನಗ ಚೊಲೋ ಆಗೂದಿಲ್ಲ." ನಾನೇನು ಕಡಿಮೆಯೇ? "ನಿಮ್ಮ ಐದ ಮಿನಿಟ ನನ್ನ ಜಲ್ಮಾನ ತಿಂತು" ಎಂದೆ. ಅವರು ಚೀಲ ಹೆಗಲಿಗೇರಿಸಿದರು. ಚಪ್ಪಲಿ ಮೆಟ್ಟಿ ಹೋದರು.

ಮೂರನೇ ದಿನ ಅವರು ಒಂದು ಸಣ್ಣ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿ ತಂದು, ಡಬ್ಬಿಯನ್ನು ಅದರೊಳಗಿಟ್ಟು ಕೀಲಿ ಹಾಕಿದರು. ಮುಖ ತಿರುಗಿಸಿ ನಿಂತಿದ್ದ ಅವ್ವನಿಗೆ, "ಅವ್ವಾರ, ಇನ್ನ ಮುಂದ ಪೂಜಿ ಈ ಪೆಟ್ಟಗಿಗಿ ಮಾಡ್ರಿ. ಒಳಗ ಕೈ ಹಾಕಬ್ಯಾಡ್ರಿ, ಕರೆಂಟ ಹೊಡದೀತು" ಎಂದರು. ತಪ್ಪು ಮಾಡಿದವನು ಈಗ ಕಾಳಜಿ ತೋರಿಸಲು ಬಂದಿದ್ದಾನೆ ಎಂದು ನಾವು ತಾಯಿಮಗಳು ಆಡಿಕೊಂಡೆವು.

ಅಪ್ಪ ಮಾತಿನಂತೆ ನಡೆದ. ಮುಂದಿನ ಬೇಸಿಗೆಯಲ್ಲಿ ಮರವಡೆ ಊರಿಗೆ ಮದುವೆಯಾಗಿ ಬಂದೆ. ಮದುವೆಗೆ ಕಾಕಾನನ್ನು ಯಾರೂ ಕರೆದಿರಲಿಲ್ಲ. ಆದರೂ ಬಂದಿದ್ದರು. ಮಂಟಪದ ಹಿಂದಿನ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿದರು. ನಾನು ನೋಡಿ ಮುಖ ತಿರುಗಿಸಿದೆ. ಅವರು ಊಟ ಮಾಡಿ ಹೋದರೋ, ಹಾಗೇ ಹೋದರೋ, ನನಗೆ ಗೊತ್ತಿಲ್ಲ. ಅದೇ ಅವರನ್ನು ನಾನು ಕಡೆಯ ಸಲ ಕಂಡದ್ದು. ಹೋದ ವರ್ಷ ಎದೆನೋವೆಂದು ಸೊಲ್ಲಾಪುರದ ದವಾಖಾನೆಗೆ ಹೋದವರು ಜೀವಂತ ಮರಳಲಿಲ್ಲ.

ಈ ಮಹಾನವಮಿಯ ಆಯುಧಪೂಜೆಗೆ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಕಾಕಾನ ಜಾಗಕ್ಕೆ ಬಂದವನು ಹೊಸ ಡಬ್ಬಿ ಹಾಕಿದ್ದ. ಅದು ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲವೆಂದು ಪೆಟ್ಟಿಗೆಯನ್ನು ಕಿತ್ತು ಒಲೆಯ ಹತ್ತಿರ ಇಟ್ಟಿದ್ದರು. ಪೂಜೆಯ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಮಗಳಿಗೆ ಏನೋ ತೋರಿಸಲು ಹೋದರೆ ವಾಯ್‌ಫಾಯ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಹೊಸಬನಿಗೆ ಫೋನ್ ಮಾಡಿದೆ. ಊರಲ್ಲೇ ಇದ್ದನಂತೆ, ಬೇಗ ಬಂದ. ವಾಯರನ್ನು ತೆಗೆದು ತುದಿಯನ್ನು ನನ್ನ ಕಣ್ಣ ಮುಂದೆ ಹಿಡಿದ. ತುದಿ ಹಳದಿಯಾಗಿತ್ತು.

"ಅಕ್ಕಾ, ಇದಕ್ಕ ಭಂಡಾರ ಯಾರ ಹಚ್ಚ್ಯಾರ? ಇದು ಕಾಜಿನ ತುದಿ. ಇದರಾಗ ಬೆಳಕ ಹೋಗ್ತದ. ಒಂದ ಧೂಳ ಕೂತ್ರೂ ಲೈನ ಬಂದ್" ಎಂದ.

ನಾನು ಬಾಗಿಲಿನತ್ತ ನೋಡಿದೆ. ಅವ್ವ ಅಂಗಳದಲ್ಲಿದ್ದಳು. "ತಮ್ಮಾ, ಈ ಮಾತ ನಮ್ಮ ಅವ್ವನ ಮುಂದ ಆಡಬ್ಯಾಡ" ಎಂದು ಅವನ ಬಾಯಿ ಮುಚ್ಚಿಸಿ ಕಳಿಸಿದೆ.

ಆಮೇಲೆ ಅವ್ವನ ಹತ್ತಿರ ಕೂತು, ಡಬ್ಬಿಯ ಪೂಜೆ ಹೇಗೆ ಮಾಡುತ್ತೀ ಎಂದು ಸುಮ್ಮನೆ ಕೇಳಿದಂತೆ ಕೇಳಿದೆ. ಅವಳಿಗೆ ಖುಷಿಯಾಯಿತು. ಕೈಯಲ್ಲಿ ಮಾಡಿ ತೋರಿಸುತ್ತಾ ಹೇಳಿದಳು: "ಮೊದಲ ಎಲ್ಲಾ ವಾಯರ ತಗದ ಸೆರಗಿಲೆ ಸ್ವಚ್ಛ ಒರಸ್ತೀನಿ. ಹೊಲಸ ಸಾಮಾನಕ್ಕ ಭಂಡಾರ ಹಚ್ಚತಾರೇನು? ಆಮ್ಯಾಲ ತುದಿ ತುದೀಗಿ ಭಂಡಾರ ಹಚ್ಚಿ ಹೆಂಗಿತ್ತು ಹಂಗ ಹಾಕ್ತೀನಿ. ನೀ ಫಾರಮ ತುಂಬೂ ದಿನಾನೂ ಹಿಂಗ ಮಾಡಿದ್ನೆವ್ವಾ, ನಿನ್ನ ಹೆಸರಲೆ. ಬಿರೋಬಾ ಕೊಡ್ತಿದ್ದ. ಆ ಮುದಕ ಕಂಬದಾಗ ಘಾತ ಮಾಡಿದ. ಸತ್ತ, ಆದ್ರೂ ನನ್ನ ಹೊಟ್ಟಿ ಉರಿ ಆರಿಲ್ಲ."

ಒಂದು ಮಾತು ಸಾಕಿತ್ತು, ಕಾಕಾ ಆ ಶಾಪದಿಂದ ಹೊರಗೆ ಬರುತ್ತಿದ್ದರು. ಆದರೆ ಆ ಮಾತು ನೇರ ಅವ್ವನ ಎದೆಗೆ ಹೋಗುತ್ತಿತ್ತು. ಮಗಳ ಬಾಳಿಗೆ ಅಡ್ಡ ಬಂದದ್ದು ತನ್ನದೇ ಕೈ, ತನ್ನದೇ ದೇವರ ಭಂಡಾರ ಎಂದು ತಿಳಿದರೆ ಅವಳು ಉಳಿಯುವುದಿಲ್ಲ. ಅಂದು ಕಿಟಕಿಯ ಹತ್ತಿರ ನಿಂತು ಕಾಕಾ ಇದನ್ನೇ ಯೋಚಿಸಿರಬೇಕು. ಅವರಿಗೆ ನನ್ನಷ್ಟು ಹೊತ್ತು ಬೇಕಾಗಲಿಲ್ಲ. "ಯಾರೂ ಮುಟ್ಟಿಲ್ಲ" ಎಂದು ಸಿಡುಕಿದವಳು ನಾನು ಎಂಬುದನ್ನೂ ಅವರು ಯಾರಿಗೂ ಹೇಳಲಿಲ್ಲ.

ಅಕ್ಕಲಕೋಟದಲ್ಲಿ ಅವರ ಮನೆ ಹುಡುಕಿಕೊಂಡು ಹೋಗಿದ್ದೆ. ಬಾಗಿಲಲ್ಲಿ ನಿಂತ ಅವರ ಹೆಂಡತಿ ನನ್ನ ಊರು ಕೇಳಿ ತಿಳಿದು, "ನಿಮ್ಮ ವಸ್ತಿಗಿ ಹೋಗಿ ಬಂದ ದಿನಾ ಅವರು ಉಂಡಿದ್ದಿಲ್ಲ. ಅಂಥಾದ್ದೇನ ತಪ್ಪ ಮಾಡಿದ್ರವ್ವಾ ಅವರು?" ಎಂದು ಕೇಳಿದರು. ಹೇಳಿದರೆ ಆ ಮಾತು ನಾಲ್ಕು ದಿನದಲ್ಲಿ ಚಪಳಗಾಂವ ಮುಟ್ಟುತ್ತದೆ. "ಏನೂ ಇಲ್ರಿ" ಎಂದಷ್ಟೇ ಹೇಳಿ ಬಂದೆ. ಅವರು ನಂಬಿದಂತೆ ಕಾಣಲಿಲ್ಲ.

ಅದಕ್ಕೇ ಇದನ್ನು ಬರೆದಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ. ಕಾಕಾನ ಹೆಂಡತಿಗೂ ಬರುವುದಿಲ್ಲ, ಅವರ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಓದಲಾರರು. ತಪ್ಪು ಕಾಕಾನದಲ್ಲ ಎಂದು ಯಾರಿಗೆ ತಿಳಿಯಬೇಕೋ ಅವರಲ್ಲಿ ಒಬ್ಬರೂ ಇದನ್ನು ಓದುವುದಿಲ್ಲ.