ಮಂಗಳವಾರದ ಬಸ್ಸು

ಹಂದನಕೆರೆಯ ನಮ್ಮ ಆಶಾ ಕಾರ್ಯಕರ್ತೆ ಕೊಬ್ಬರಿ ಶೆಡ್ಡಿಗೆ ಬಂದರೆ ನಮ್ಮ ಜೊತೆಯೇ ಕೂತು ಕರಟ ಒಡೆಯುತ್ತಿದ್ದರು. “ಕೈಗೆ ಕೆಲ್ಸ ಇದ್ರೆ ಬಾಯಿಗೆ ನಾಚ್ಕೆ ಇರಲ್ಲ ಕಣವ್ವ” ಎನ್ನುವರು.

ಹೆರಿಗೆಯಾದ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ, ಮಗುವನ್ನು ಮುಟ್ಟಲೂ ಭಯ. ಒಂದು ದಿನ, ಇಡಿಯಾಗಿ ಬರಬೇಕಾದ ಕೊಬ್ಬರಿ ಗಿಟುಕುಗಳು ನನ್ನ ಕೈಯಲ್ಲಿ ಹೋಳಾಗುವುದನ್ನು ಕಂಡು ಅವರು ಮೆಲ್ಲಗೆ ವಿಚಾರಿಸಿದರು. ಹೇಳಿಕೊಂಡೆ.

“ಮಂಗ್ಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬತ್ತಾರೆ, ಹೋಗಣ.”

“ಹುಚ್ಚಿ ಅಂತಾರೆ ಕಣಕ್ಕ.”

ಅವರು ಎಲ್ಲರಿಗೂ ಕೇಳುವಂತೆ ಗದರಿದರು: “ನಾನೂ ಎರಡು ವರ್ಷ ಅವ್ರತ್ರ ಮಾತ್ರೆ ತಗಂಡಿದೀನಿ. ನಾನು ಹುಚ್ಚಿನಾ?”

ಕರಟ ಒಡೆಯುತ್ತಿದ್ದವರೆಲ್ಲ ನಮ್ಮತ್ತ ತಿರುಗಿದರು. ನಾನು ತಲೆ ತಗ್ಗಿಸಿದೆ. ಪಕ್ಕದಲ್ಲೇ ನನ್ನ ಅತ್ತೆ ಕೂತಿದ್ದರು.

ಅತ್ತೆ ಮಚ್ಚು ಕೆಳಗಿಟ್ಟು ಕೇಳಿದರು: “ಎಷ್ಟೊತ್ತಿಗೈತೆ ಬಸ್ಸು? ಮಗೀನ ನಾನೆತ್ಕಂಡು ಬತ್ತೀನಿ.”